ಲೆಕ್ಕವನ್ನು ಬಚ್ಚಿಡದ ಕಟ್ಟಡಗಳು
ತಿಕೋಟಾ, ಬಬಲೇಶ್ವರದ ಕಡೆಯಿಂದ ವಿಜಯಪುರಕ್ಕೆ ಬಂದವರು ಗೋಳಗುಮ್ಮಟ ಹೊಕ್ಕೊಡನೆ ಹುಡುಕುವುದು ಮೆಟ್ಟಿಲುಗಳನ್ನು. ಮೇಲೆ ಹತ್ತಿ, ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಮ್ಮೆ ಕೂಗಿ, ಮರುದನಿ ಕೇಳಿಸಿಕೊಂಡು ಇಳಿದರೆ ನೋಡಿದ್ದಾಯಿತು. ಆದರೆ ಕಟ್ಟಿದವರ ಬುದ್ಧಿ ಕಾಣುವುದು ಕೆಳಗೇ ನಿಂತು ಕತ್ತೆತ್ತಿದಾಗ.

ಇದು 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿ. ಒಳಗಿನ ಹಜಾರ ಹೆಚ್ಚುಕಡಿಮೆ 41 ಮೀಟರ್ ಬದಿಯ ಚೌಕ. ನಡುವೆ ಒಂದೂ ಕಂಬವಿಲ್ಲ. ಮೇಲಿನ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಚೌಕದ ಮೇಲೆ ಇಷ್ಟು ದೊಡ್ಡ ದುಂಡನ್ನು ಕೂರಿಸುವುದು ಹೇಗೆ?

ಹಾಳೆಯ ಮೇಲೆ ಒಂದು ಚೌಕ ಬರೆದು, ಅಷ್ಟೇ ದೊಡ್ಡ ಇನ್ನೊಂದನ್ನು ಓರೆಯಾಗಿ ತಿರುಗಿಸಿ ಅದರ ಮೇಲೆ ಬರೆಯಿರಿ. ಎಂಟು ಮೂಲೆಯ ನಕ್ಷತ್ರ ಮೂಡುತ್ತದೆ. ಆ ಗೆರೆಗಳ ಜಾಡಿನಲ್ಲೇ ಇಲ್ಲಿ ಎಂಟು ಕಮಾನುಗಳು ಎದ್ದು ಒಂದನ್ನೊಂದು ಹಾಯ್ದುಹೋಗುತ್ತವೆ. ಅವು ಕೂಡುವಲ್ಲಿ ಎಂಟು ಮೂಲೆಯ ಆಸರೆ, ಅದರ ಮೇಲೆ ದುಂಡನೆಯ ಕಟ್ಟೆ, ಕಟ್ಟೆಯ ಮೇಲೆ ಇಟ್ಟಿಗೆ-ಗಚ್ಚಿನ ಗುಮ್ಮಟ. ಗುಮ್ಮಟದ ಭಾರ ಹೊರಕ್ಕೆ ತಳ್ಳಿದರೆ, ಒಳಕ್ಕೆ ಚಾಚಿದ ಕಮಾನುಗಳ ಭಾರ ಅದನ್ನು ತಡೆಯುತ್ತದೆ. ನಾವು ಕೂಗುವ ಗ್ಯಾಲರಿಯೂ ಬೇರೆ ಅಲಂಕಾರವಲ್ಲ. ಆ ಕಟ್ಟೆಯ ಅಂಚಿಗೂ ಗುಮ್ಮಟದ ಗೋಡೆಗೂ ನಡುವೆ ಉಳಿದ ಮೂರು ಮೀಟರಿಗೆ ತುಸು ಮೀರಿದ ಜಾಗವದು.

ಇಲ್ಲಿ ಕಾಣುವಂತೆ ಕಟ್ಟಡದ ರೂಪ ಅದರ ಲೆಕ್ಕದಿಂದಲೇ ಹುಟ್ಟಬೇಕು ಎಂಬ ಮಾತನ್ನು ದೂರದ ಇಟಲಿಯಲ್ಲಿ ಏಳು ಯುವ ವಾಸ್ತುಶಿಲ್ಪಿಗಳು ಸಿದ್ಧಾಂತವಾಗಿಯೇ ಎತ್ತಿಕೊಂಡರು. 1926ರಲ್ಲಿ ಮಿಲಾನಿನಲ್ಲಿ ಒಂದಾದ ಅವರ ಗುಂಪಿನ ಹೆಸರು ಗ್ರುಪ್ಪೊ ಸೆಟ್ಟೆ. ಆ ಚಳವಳಿಯೇ ಇಟಲಿಯ ರ‍್ಯಾಷನಲಿಸಂ. ಹಳೆಯ ಶೈಲಿಗಳ ಅಲಂಕಾರವನ್ನು ನಕಲು ಮಾಡುವುದು ಅವರಿಗೆ ಒಗ್ಗಲಿಲ್ಲ. ಅವರಲ್ಲೊಬ್ಬನಾದ ಜುಸೆಪ್ಪೆ ತೆರಾನ್ಯಿ ಕೋಮೊ ಊರಿನಲ್ಲಿ 1936ರ ಹೊತ್ತಿಗೆ ಮುಗಿಸಿದ ಕಾಸಾ ದೆಲ್ ಫಾಶೊ ಸುಮಾರು 33 ಮೀಟರ್ ಬದಿಯ ಚೌಕ, ಎತ್ತರ ಅದರ ಸರಿ ಅರ್ಧ. ಕಂಬ-ತೊಲೆಗಳ ಚೌಕಟ್ಟು ಅದರ ಮುಖದ ಮೇಲೆಯೇ ಎದ್ದು ಕಾಣುತ್ತದೆ.

ಆದರೆ ಅದನ್ನು ಕಟ್ಟಿದ್ದು ಮುಸೊಲಿನಿಯ ಫ್ಯಾಸಿಸ್ಟ್ ಪಕ್ಷದ ಕಚೇರಿಗಾಗಿ. ವಿನ್ಯಾಸ ಎಷ್ಟೇ ಪಾರದರ್ಶಕವಾಗಿದ್ದರೂ ಆ ಕಳಂಕ ಹೋಗುವುದಿಲ್ಲ, ಅದನ್ನು ಮರೆಯಲೂ ಬಾರದು.

ಎರಡೂ ಕಟ್ಟಡಗಳಿಗೆ ನೇರ ನಂಟಿಲ್ಲ. ಆದರೂ ಕೋಮೊದ ಚೌಕಟ್ಟನ್ನು ಅರಿಯಲು ನಮ್ಮೂರ ಕಮಾನುಗಳಿಗಿಂತ ಒಳ್ಳೆಯ ಪಾಠ ಸಿಗದು. ಶಾಲೆಯ ಮಕ್ಕಳನ್ನು ಕರೆತರುವ ಮೇಷ್ಟ್ರುಗಳು ಮೇಲೆ ಹತ್ತಿಸುವ ಮೊದಲು ಅವರನ್ನು ಹಜಾರದಲ್ಲಿ ನಿಲ್ಲಿಸಿ, ಆ ಎಂಟು ಕಮಾನುಗಳನ್ನು ಎಣಿಸಲು ಹೇಳಲಿ.