ಬೀಡಿ ಪುಸ್ತಕ ಜೋಪಾನ

ಪ್ರಶ್ನೆ: ಬೀಡಿ ಕಟ್ಟುತ್ತಿದ್ದ ಅಮ್ಮನಿಗೆ ಪಾರ್ಶ್ವವಾಯು ಬಡಿದಿದೆ. ಪಿಎಫ್ ಕಟ್ಟಿ 10 ವರ್ಷ ಆಗಿಲ್ಲ. ಪಿಂಚಣಿ ಸಿಗದೇ?
– ಓದುಗರು, ಮಂಜೇಶ್ವರ

ಉತ್ತರ: ಆ ಕೆಲಸ ಇನ್ನು ಅವರಿಂದಾಗದು ಎಂದು ವೈದ್ಯಕೀಯ ಮಂಡಳಿ ಹೇಳಿದರೆ ಸಿಗಬೇಕು. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಶಾಶ್ವತ, ಪೂರ್ಣ ಅಂಗವೈಕಲ್ಯಕ್ಕೆ 10 ವರ್ಷದ ಷರತ್ತಿಲ್ಲ. ಒಂದು ತಿಂಗಳ ವಂತಿಗೆ ಸಾಕು. ಆದರೆ ಕೆಲಸದಲ್ಲಿರುವಾಗಲೇ ಹಾಗಾಗಿರಬೇಕು. ತೊಡಕಿರುವುದು ಇಲ್ಲೇ. ಕೆಲಸ ಬಿಟ್ಟ ದಿನಾಂಕ ಕಾಯಿಲೆಗಿಂತ ಮುಂಚಿನದೆಂದು ತಪ್ಪಾಗಿ ನಮೂದಾದರೆ, ಕೊನೆಯ ದಿನದವರೆಗೂ ಎಲೆ ಕತ್ತರಿಸಿದವರ ಹಕ್ಕೂ ಕೈತಪ್ಪುತ್ತದೆ. ಇದು ಘೋರ ಅನ್ಯಾಯ. ಮನೆಯಲ್ಲಿ ಬೀಡಿ ಕಟ್ಟುವವರಿಗೂ ಪಿಎಫ್ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಎಲೆ, ಹೊಗೆಸೊಪ್ಪು, ಬೀಡಿಯ ಲೆಕ್ಕ ಬರೆದ ಪುಸ್ತಕವೇ ನಿಮ್ಮ ಸಾಕ್ಷಿ. ದಿನಾಂಕ ತಪ್ಪಿದ್ದರೆ, ಆ ಪುಸ್ತಕವನ್ನೂ ಆಸ್ಪತ್ರೆಯ ಚೀಟಿಗಳನ್ನೂ ಲಗತ್ತಿಸಿ, ಮಾಲೀಕರ ಮೂಲಕ ಜಂಟಿ ಘೋಷಣೆ ಕೊಟ್ಟು ಮೊದಲು ದಿನಾಂಕ ತಿದ್ದಿಸಿ. ಆಮೇಲೆ ಪಿಂಚಣಿಗಾಗಿ 10-ಡಿ ಅರ್ಜಿ ಹಾಕಿ.