ರಿಕಾರ್ಡೊ ಮನಸ್ಸು ಬದಲಿಸಿದ್ದು

ನಾವು ಕಾಮರ್ಸ್‌ನವರು ರಿಕಾರ್ಡೊ ಅಂದ್ರೆ ಗೇಣಿ ಸಿದ್ಧಾಂತ ಎಂದಷ್ಟೇ ಬಾಯಿಪಾಠ ಮಾಡುತ್ತೇವೆ. ಯಂತ್ರ ಬಂದರೆ ಎಲ್ಲ ವರ್ಗಕ್ಕೂ ಲಾಭವೆಂದೇ ಆತ ಮೊದಲು ನಂಬಿದ್ದ. ಆದರೆ ಇಂಗ್ಲೆಂಡಿನ ಕೂಲಿಗಾರರು 1811–12ರಲ್ಲಿ ಯಂತ್ರಗಳನ್ನೇ ಒಡೆದಿದ್ದರು. 1821ರಲ್ಲಿ ತನ್ನ ಗ್ರಂಥದ ಮೂರನೇ ಮುದ್ರಣಕ್ಕೆ ಹೊಸ ಅಧ್ಯಾಯ ಸೇರಿಸಿ, ಕೂಲಿಗಾರರ ಭಯ ಬರೀ ತಪ್ಪುಕಲ್ಪನೆಯಲ್ಲ ಎಂದು ರಿಕಾರ್ಡೊ ಒಪ್ಪಿಕೊಂಡ. ಕೂಲಿಗೆಂದಿಟ್ಟ ಹಣ ಯಂತ್ರಕ್ಕೆ ಹೋದರೆ ಮಾಲೀಕನ ಲಾಭ ಉಳಿದೀತು, ಕೆಲಸ ಉಳಿಯದು! ಇದೇ ಎಳೆಯನ್ನು ಮಾರ್ಕ್ಸ್ 1867ರ ‘ಬಂಡವಾಳ’ದಲ್ಲಿ ಮುಂದುವರಿಸಿದ.

ನಮ್ಮ ಮದರಾಸಿನಲ್ಲೂ ಪೆರಂಬೂರಿನ ಬಟ್ಟೆ ಗಿರಣಿ ಕೂಲಿಗಾರರ ನಡುವೆಯೇ 1918ರಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು. ಈಗ ಪೆರುಂಗುಡಿಯಲ್ಲಿ ಎಲ್ಲಿ ನೋಡಿದರೂ ಕಂಪ್ಯೂಟರ್ ಕಚೇರಿಗಳು. ಲೆಕ್ಕ ಬರೆಯೋ ಕೆಲಸವನ್ನೂ ಯಂತ್ರವೇ ಮಾಡ್ತಿದೆ. ಲೆಕ್ಕವನ್ನೇ ನಂಬಿ ಓದುತ್ತಿರೋ ನನಗೆ ಆ ಅಧ್ಯಾಯ ಹಳೆಯದು ಅನ್ನಿಸೋದಿಲ್ಲ.