ಖಾಲಿ ಪಿಕಪ್ ಯಾಕೆ ಇಷ್ಟು ಕುಣಿಯುತ್ತೆ?

ಶಿರಾ ತಾಲ್ಲೂಕಿನ ತಾವರೆಕೆರೆ. ಹೆದ್ದಾರಿ 48 ಬಿಟ್ಟು ಮಣ್ಣಿನ ದಾರಿಗಿಳಿದ್ರೆ ಸಾಕು, ಹಳೇ ಬೊಲೆರೋ ಪಿಕಪ್ಪು ಸೊಂಟ ಮುರಿಯುತ್ತೆ. ಕಡ್ಲೆಕಾಯಿ ಮೂಟೆ ತುಂಬಿದಾಗ ಮೆತ್ತಗಿರೋ ಗಾಡಿ, ಖಾಲಿ ಬರುವಾಗ ಕುಣಿಯುತ್ತೆ. ಹಿಂದಿನ ಲೀಫ್ ಸ್ಪ್ರಿಂಗ್ ಲೋಡಿಗಂತಲೇ ಮಾಡಿದ್ದು. ಎಕ್ಸ್‌ಟ್ರಾ ಪ್ಲೇಟ್ ಹಾಕಿಸಿದ್ರೆ ಇನ್ನೂ ಬಿರುಸಾಗುತ್ತೆ. ದಯವಿಟ್ಟು ಅವಸರ ಬೇಡ.

ಮೊದಲು ಸ್ಪ್ರಿಂಗಿನ ತುದಿಯಲ್ಲಿರೋ ಶ್ಯಾಕಲ್ ಬುಷ್ ನೋಡಿ. ರಬ್ಬರ್ ಬಿರುಕು ಬಿಟ್ಟು ಒಂದು ಕಡೆ ಸವೆದುಹೋಗಿದೆ. ಕಬ್ಬಿಣಕ್ಕೆ ಕಬ್ಬಿಣ ತಾಗಿ ಟಕ್ ಟಕ್ ಅನ್ನೋದು ಇದೇ.

ಪ್ಲೇಟುಗಳ ನಡುವೆ ತುಕ್ಕು ಕೂತಿದ್ರೆ ಅವು ಜಾರಲ್ಲ. ಬಿಚ್ಚಿಸಿ, ಉಜ್ಜಿಸಿ, ಗ್ರ್ಯಾಫೈಟ್ ಗ್ರೀಸ್ ಹಚ್ಚಿಸಿ. ಶಾಕ್ ಅಬ್ಸಾರ್ಬರಿನಲ್ಲಿ ಎಣ್ಣೆ ಜಿನುಗ್ತಿದ್ರೆ ಜೋಡಿಯಾಗಿಯೇ ಬದಲಿಸಿ. ಸ್ಪ್ರಿಂಗ್ ಮತ್ತೆ ಕೂರಿಸಿದ ಮೇಲೆ ಸ್ವಲ್ಪ ದಿನ ಓಡಿಸಿ, ಅದನ್ನ ಆಕ್ಸಲ್ಲಿಗೆ ಹಿಡಿದಿರೋ ಯು-ಬೋಲ್ಟ್ ಮತ್ತೊಮ್ಮೆ ಬಿಗಿಸಿ. ಸಡಿಲ ಬಿಟ್ರೆ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ಲೇ ಜರುಗುತ್ತೆ.